ಅಳತೆ ಪುಸ್ತಕ

ಶಾರ್ಜಾದ ರೋಲಾದಲ್ಲಿ, ಮೆಟ್ಟಿಲ ಕೆಳಗೆ
ನನ್ನ ಹೊಲಿಗೆ ಅಂಗಡಿ.
ಏಪ್ರಿಲ್ ಬಂತೆಂದರೆ ಬರುತ್ತಾಳೆ ರುವಾಂಡಾದ ವೆನಾಂಸಿ,
ಕಂಕುಳಲ್ಲಿ ಎರಡೂವರೆ ಮೀಟರ್ ಹಳದಿ ಬಟ್ಟೆ.
ತಂಗಿಗಂತೆ.

ಮೊದಲ ಸಲ ಕೇಳಿದ್ದೆ: ಕರಕೊಂಡು ಬನ್ನಿ, ಅಳತೆ ಬೇಕಲ್ಲ?
ಟೇಪು ತೆಗೆದು ತನಗೇ ಸುತ್ತಿಕೊಂಡಳು.
‘ಚರ್ಚಿನೊಳಗೆ ಅಡಗಿ ಕೂತಾಗ ಆರು ವರ್ಷ.
ಈಗ ನನ್ನಷ್ಟೇ ಎತ್ತರ ಇರುತ್ತಿದ್ದಳು.’

ಈ ಸಲ ಅಂದಳು: ‘ಸೊಂಟ ಒಂದಿಂಚು ಸಡಿಲ ಬಿಡಿ,
ಎರಡು ಹೆತ್ತಿದ್ದಾಳೆ ಅಂದುಕೊಳ್ಳಿ.’

ದುಡ್ಡು ಬೇಡವೆಂದೆ.
ನಲವತ್ತು ದಿರ್ಹಮ್ ಎಣಿಸಿ ಕತ್ತರಿಯ ಕೆಳಗಿಟ್ಟಳು:
‘ಉಮುತೋನಿ ಯಾರ ಹಂಗಿನದೂ ಉಡುವವಳಲ್ಲ.’

ಕೊಟ್ಟಾದ ಮೇಲೆ ಹೆಸರಿಗೆ ಗೀಟು ಹೊಡೆಯುವುದು ರೂಢಿ.
ಆ ಹೆಸರಿನ ಮೇಲೆ ಪೆನ್ಸಿಲು
ಇಳಿಯಲೊಲ್ಲದು.
ಪಕ್ಕದಲ್ಲಿ ಬರೆದೆ:
ಮುಂದಿನ ಏಪ್ರಿಲ್. ತೋಳಿನ ಉದ್ದ ಕೇಳಬೇಕು.