ಹಿಂದಕ್ಕೆ ಹತ್ತು ಅಡಿ

ಸದ್ದು ಬರುತ್ತಿದೆ, ಅಂದೆ.
ಹಳೇ ಟಯರಿನ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದ
ಫ್ರುಕ್ತುವೋಸಾ ಮುಖ ಎತ್ತಲಿಲ್ಲ.
ಗಾಡಿಯಿಂದ ಸದ್ದು ಬರದೆ ಹಾಲು ಬಂದೀತೆ?
ಯಾವಾಗ, ಎಲ್ಲಿ, ಏನು ಮಾಡಿದಾಗ, ಅದನ್ನು ಹೇಳು.

ಕೋಲ್ಚಾನಿಯ ಅವಳ ಗ್ಯಾರೇಜಿಗೆ
ಉಪ್ಪಿನ ಇಟ್ಟಿಗೆಯ ಮೂರೇ ಗೋಡೆ,
ಮೇಲೆ ತಗಡು, ತಗಡು ಹಾರದಂತೆ ಕಲ್ಲು.
ನಾಲ್ಕನೆಯ ಗೋಡೆಯ ಜಾಗದಲ್ಲಿ
ದಿಗಂತದವರೆಗೆ ಬಿಳಿ.

ಆಕ್ಸಿಲರೇಟರ್ ಒತ್ತಿದಾಗ ಊಳಿಡುತ್ತದೋ, ಬಿಟ್ಟಾಗಲೋ?
ಡಿಫರೆನ್ಷಿಯಲ್ಲಿನ ಹಲ್ಲಿಗೆ ಎರಡು ಮೈ ಮಾರಾಯ,
ಒಂದು ಎಳೆಯುವಾಗ ಸವೆಯುತ್ತದೆ,
ಇನ್ನೊಂದು ತಡೆಯುವಾಗ.
ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ
ಯಾರೋ ಬೆರಳು ಮುರಿದ ಹಾಗೆ ಟಿಕಟಿಕವೋ?
ಹಾಗಿದ್ದರೆ ಮುಂದಿನ ಆಕ್ಸಲ್ಲಿನ ಕೀಲು.
ಗೇರು ಬಿದ್ದ ಕೂಡಲೇ ಒಂದೇ ಒಂದು ಟಕ್ಕೋ?
ಎಲ್ಲವೂ ಇದೆ, ಅಂದೆ. ಯಾವುದೂ ಅಲ್ಲ, ಅಂದೆ.
ನಾನು ಕೇಳಿಸಿಕೊಂಡಿದ್ದೇ ಇಲ್ಲ, ಬರೀ ಹೆದರಿದ್ದೆ.

ಅವಳು ಚಾಕು ಒರೆಸಿಟ್ಟು ಗಾಡಿಯ ಕೆಳಗೆ ತೂರಿದಳು.
ಎರಡು ಕಾಲು ಮಾತ್ರ ಹೊರಗೆ,
ಒಂದರಲ್ಲಿ ಕಾಲುಚೀಲವಿಲ್ಲ.
ಶಾಫ್ಟನ್ನು ಹಿಡಿದು ತಿರುವಿದಳು, ಅಲುಗಲಿಲ್ಲ.
ಅಡ್ಡಕೀಲಿನ ಸುತ್ತ ಖಾರದ ಪುಡಿಯಂಥ ತುಕ್ಕಿದೆಯೇ ನೋಡಿದಳು.
ಇರಲಿಲ್ಲ, ಗ್ರೀಸು ಹಸಿಯಾಗಿಯೇ ಇತ್ತು.
ಮರದ ಸೌಟಿನ ಹಿಡಿಯನ್ನು ಟ್ರಾನ್ಸ್‌ಫರ್ ಕೇಸಿಗೆ ಒತ್ತಿ,
ಹುಟ್ಟನ್ನು ದವಡೆಗೆ ಆನಿಸಿಕೊಂಡು
ಎಂಜಿನ್ ಹಾಕು ಎಂದು ಕಾಲಲ್ಲೇ ಸನ್ನೆ ಮಾಡಿದಳು.
ಬಲಗಿವಿ ಹೋಗಿ ಆರು ವರ್ಷವಂತೆ.
ಕಿವಿ ಯಾರ ಮಾತನ್ನೂ ನಂಬುತ್ತದೆ,
ಎಲುಬು ನಂಬುವುದಿಲ್ಲ, ಅಂದಳು.

ಬೇರಿಂಗುಗಳು ನಿದ್ದೆಯಲ್ಲಿವೆ.
ಎಣ್ಣೆ ಸರಿಯಿದೆ, ಲೋಹದ ಚೂರಿಲ್ಲ.

ಆಮೇಲೆ ನೂಲುಂಡೆ ತಂದಳು, ಸ್ವೆಟರಿನ ಕೆಂಪು ಉಣ್ಣೆ.
ಮುಂದಿನ ಚಕ್ರಕ್ಕೆ ಒಂದು ಸುತ್ತು ಸುತ್ತಿ ಕತ್ತರಿಸಿದಳು.
ಹಿಂದಿನದಕ್ಕೊಂದು.
ಎರಡನ್ನೂ ಬಾನೆಟ್ಟಿನ ಮೇಲೆ ಪಕ್ಕಪಕ್ಕ ಹಾಸಿದಳು:
ಒಂದು ಬೆರಳುದ್ದ ವ್ಯತ್ಯಾಸ.
ಮುಂದೆ ಹೊಸ ಟಯರು, ಹಿಂದೆ ಬೋಳು ಟಯರು,
ನಡುವೆ ನಾಲ್ಕು ಚಕ್ರವನ್ನೂ ಒಂದೇ ಕಣ್ಣಿಗೆ ಕಟ್ಟಿದ್ದೀಯ.
ಲಿವರನ್ನು ಎರಡಕ್ಕೆ ತಂದದ್ದು ಯಾವಾಗ?

ಮಾತಾಡಲಿಲ್ಲ ನಾನು.

ಫೆಬ್ರವರಿಯಿಂದ ತಂದಿರಲಿಲ್ಲ.
ಅಣ್ಣ ಎಲೆಯುತೇರಿಯೋನ ಗಾಡಿ
ಉಪ್ಪಿನ ಕಣ್ಣೊಂದರೊಳಗೆ ಮೂಗು ತಗ್ಗಿಸಿ ಇಳಿದದ್ದು
ನನ್ನ ಮುಂದೆ, ಐವತ್ತು ಮಾರು ದೂರದಲ್ಲಿ.
ಎಲ್ಲರೂ ಕಿಟಕಿಯಿಂದ ಹೊರಬಂದರು, ಯಾರಿಗೂ ಏನಾಗಲಿಲ್ಲ.
ಅವನೀಗ ಒರೂರೋ ಬಸ್‌ಸ್ಟ್ಯಾಂಡಿನಲ್ಲಿ ಕಾಲುಚೀಲ ಮಾರುತ್ತಾನೆ.
ನಾನು ಮಾತ್ರ ನಾಲ್ಕರಲ್ಲೇ ಇದ್ದೇನೆ.
ಗಟ್ಟಿ ಉಪ್ಪಿನ ಮೇಲೆ, ಡಾಂಬರಿನ ಮೇಲೆ,
ಪೆಟ್ರೋಲ್ ಬಂಕಿನ ಸಿಮೆಂಟಿನ ಮೇಲೂ.

ಜಾರಲು ಮಣ್ಣಿಲ್ಲದ ಕಡೆ
ಚಕ್ರ ಚಕ್ರಕ್ಕೆ ಜಗಳ, ಅಂದಳು.
ಒಂದು ಮುಂದೆ ಹೋಗಬೇಕು, ಒಂದು ಬಿಡುವುದಿಲ್ಲ.
ಆ ಬೆರಳುದ್ದ ಎಲ್ಲಿಗೆ ಹೋದೀತು?
ಶಾಫ್ಟಿನೊಳಗೆ ಹಗ್ಗದ ಹುರಿಯಂತೆ ಏರುತ್ತಾ ಕೂರುತ್ತದೆ.
ನಿನ್ನ ಗಾಡಿಗೆ ರೋಗವಿಲ್ಲ, ಹುರಿ ಇದೆ.

ಲಿವರ್ ಎಳೆದೆ, ಬರಲಿಲ್ಲ.
ಎರಡೂ ಕೈ ಹಾಕಿದೆ, ಬರಲಿಲ್ಲ.
ಅವಳು ನಗಲಿಲ್ಲ. ಬಲ ಬೇಡ, ಅಂದಳು.
ಹಿಂದಕ್ಕೆ ಹೋಗು. ಹತ್ತಡಿ ಸಾಕು.
ಸ್ಟಿಯರಿಂಗನ್ನು ಅತ್ತಿತ್ತ ಆಡಿಸುತ್ತಾ, ಮೆಲ್ಲಗೆ.

ಎಂಟನೆಯ ಅಡಿಗಿರಬೇಕು,
ಕೆಳಗಿನಿಂದ ಒಂದು ಧಡ್.
ಸೀಟು, ಬೆನ್ನು, ಹಲ್ಲು ಎಲ್ಲ ಅದುರಿತು.
ಲಿವರ್ ತಾನಾಗಿ ಅಂಗೈಗೆ ಬಂತು,
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಇಪ್ಪತ್ತು ಬೊಲಿವಿಯಾನೋ ಕೇಳಿದಳು,
ಅದೂ ನೂಲಿಗೆ.
ಹಿಂದಕ್ಕೂ ಹೊಸ ಟಯರು ಹಾಕಿಸು, ಅಂದಳು.
ಹಾಗೇ ಆಲೂಗಡ್ಡೆಗೆ ಮರಳಿದಳು.

ಮನೆದಾರಿಯಲ್ಲಿ ಕೈ ಮೂರು ಸಲ ಲಿವರಿಗೆ ಹೋಯಿತು.
ಮೂರು ಸಲವೂ ವಾಪಸು ಬಂತು, ನಾನು ನೋಡುತ್ತಿದ್ದೆ.
ಅರವತ್ತರ ವೇಗದಲ್ಲಿ,
ಎಡ ಹಿಂಬದಿಯಿಂದ, ಬಲಕ್ಕೆ ಹೊರಳಿದಾಗ ಮಾತ್ರ,
ಒಂದು ಸಣ್ಣ ಗುಂಯ್.
ಬೇರಿಂಗಿರಬೇಕು.
ಯಾವಾಗ, ಎಲ್ಲಿ, ಏನು ಮಾಡಿದಾಗ, ಎಂಬುದೆಲ್ಲ
ಈ ಸಲ ನನಗೆ ಗೊತ್ತಿದೆ.