ಏಳನೆಯ ಕಾಲಂ

ಇವತ್ತೇ ಕೊನೆ, ಸಂಜೆ ಐದರೊಳಗೆ.
ಪ್ರಾದೇಶಿಕ ಪತ್ರಿಕಾ ಪ್ರಶಸ್ತಿ, ‘ಉತ್ತಮ ಅಭಿಯಾನ’ ವಿಭಾಗ,
ಪ್ರವೇಶ ಶುಲ್ಕ ನಲವತ್ತು ಪೌಂಡು.
ಬಿಸ್ಕತ್ತಿನ ಡಬ್ಬಿಯಿಂದ ಎಣಿಸಿಕೊಟ್ಟ ಸಂಪಾದಕ ಡೆಸ್ಮಂಡ್
ಗೆದ್ದರೆ ಹೀಟರ್ ರಿಪೇರಿ ಎಂದ.

ಕಂಬ್ರಿಯಾದ ಕಡಲಂಚಿನಲ್ಲಿ ಮೂವರೇ ನಡೆಸುವ ವಾರಪತ್ರಿಕೆ ನಮ್ಮದು.
ಹನ್ನೊಂದು ವಾರ ಬರೆದೆ:
ಮೂವತ್ತೇಳನೇ ನಂಬರಿನ ಬಸ್ಸು ನಿಂತದ್ದು,
ಹಿಲ್ಡಾ ಟಾಡ್‌ಹಂಟರ್ ಆಸ್ಪತ್ರೆಗೆ ನಡೆದೇ ಹೋದದ್ದು,
ಕೌನ್ಸಿಲ್ಲಿನವರು ‘ಪರಿಶೀಲಿಸುತ್ತೇವೆ’ ಎಂದದ್ದು,
ಮತ್ತೆ ಎಂದದ್ದು.

ಅರ್ಜಿಯ ಏಳನೆಯ ಕಾಲಂ ಕೇಳುತ್ತದೆ:
ನಿಮ್ಮ ವರದಿಯಿಂದ ಆದ ಬದಲಾವಣೆ ಏನು?
ಇನ್ನೂರು ಪದ ಮೀರದಂತೆ.

ಮೀರುವುದೆಲ್ಲಿಂದ ಬಂತು.
ಬಸ್ಸು ಬರಲಿಲ್ಲ.
ಹಿಲ್ಡಾ ಫೆಬ್ರವರಿಯಲ್ಲಿ ತೀರಿಕೊಂಡಳು;
ಅದನ್ನೂ ನಾನೇ ಬರೆದೆ, ಒಳಪುಟದಲ್ಲಿ, ನಾಲ್ಕು ಸಾಲು.

ಮೂರಕ್ಕೆ ಎದ್ದು ಆ ಸ್ಟಾಪಿನವರೆಗೆ ಹೋದೆ.
ವೇಳಾಪಟ್ಟಿ ಕಿತ್ತ ಚೌಕಟ್ಟಿನೊಳಗೆ
ಅವಳು ಅಂಟಿಸಿದ್ದ ನನ್ನ ಮೊದಲ ವರದಿ
ಉಪ್ಪುಗಾಳಿಗೆ ಹಳದಿಯಾಗಿ, ಹಾಗೇ ಇತ್ತು.
ಅಂಚಿನಲ್ಲಿ ಪೆನ್ಸಿಲ್ಲಿನ ಅಕ್ಷರ:
‘ಎಪ್ಪತ್ತೊಂಬತ್ತಲ್ಲ, ಎಪ್ಪತ್ತೆಂಟು ನನಗೆ.’

ಬಿಡಿಸಿ ತಂದು ಅದನ್ನೇ ಸ್ಕ್ಯಾನ್ ಮಾಡಿದೆ,
ತುಕ್ಕಿನ ಕಲೆ ಸಮೇತ.
ಏಳನೆಯ ಕಾಲಮ್ಮಿನಲ್ಲಿ ಬರೆದೆ:
ವಯಸ್ಸು ತಪ್ಪಾಗಿತ್ತು. ತಿದ್ದಿಕೊಂಡಿದ್ದೇವೆ.