ಎದುರು ತೂಕ

ಒಂದೇ ನಳಿಗೆ ಇಟ್ಟು ತಿರುಗಿಸಬಾರದು,
ಯಂತ್ರ ಒದರುತ್ತದೆ, ಮೇಜಿನ ಮೇಲೇ ಕುಣಿಯುತ್ತದೆ.
ಎದುರಿಗೆ ಅಷ್ಟೇ ತೂಕದ ನೀರು ಇಡಬೇಕು.
ಹದಿನೇಳು ವರ್ಷದಲ್ಲಿ ನಾನು ಕಲಿತದ್ದು ಇಷ್ಟೇ.

ಬೀದರಿನ ಪಶು ದವಾಖಾನೆ, ಮಾಘದ ಬೆಳಗು.
ಲಾಡ್ಲೆಸಾಬ ಬಂದ, ಹಿಂದೆ ನೂರಿ,
ಮೂರು ಕಾಲು ಊರುತ್ತ, ನಾಲ್ಕನೆಯದನ್ನು
ನೆಲಕ್ಕೆ ಬರೀ ತೋರಿಸುತ್ತ.
ಬಾಲದಲ್ಲಿ ಇನ್ನೂ ಜರಿಯ ಚೂರು,
ಹಣೆಯ ಮೇಲೆ ಯಾರದೋ ಮದುವೆಯ ಕುಂಕುಮ.

"ಚೌಬಾರದ ತಿರುವಿನ್ಯಾಗ ಬ್ಯಾಂಡಿನವರು
ಒಮ್ಮಿಂದೊಮ್ಮೆ ತಾಳ ಬದಲಿಸಿದ್ರು, ಡಾಕ್ಟರಮ್ಮ.
ಇಕಿ ಎರಡು ಕಾಲ ಮ್ಯಾಲ ಎದ್ದು ಕುಣಿದಳು.
ಇಳಿದಾಗ ಕಟ್ ಅಂತು.
ನಾ ಕೇಳೀನ್ರಿ. ಅಷ್ಟು ಡೋಲಿನ್ಯಾಗೂ ಕೇಳೀನಿ."

ಡಾಕ್ಟರ್ ಬಿರಾದಾರ ಮುಂಗಾಲ ಹಿಂದೆ ಬೆರಳಾಡಿಸಿದರು,
ಬಿಗಿದ ಹಗ್ಗಕ್ಕೆ ಹೊಟ್ಟೆ ಬಂದ ಹಾಗೆ ಒಂದು ಉಬ್ಬು.
ಕೂದಲು ಬೋಳಿಸಿ, ಜೆಲ್ ಹಚ್ಚಿ, ಪರದೆ ತಿರುಗಿಸಿದರು:
ಬೆಳ್ಳಿ ಎಳೆಗಳ ನಡುವೆ ಕಪ್ಪು ಕುಳಿ.

ನನ್ನಪ್ಪ ಬಿದ್ರಿ ಕೆಲಸದವ.
ಮೊದಲು ಕೊರೆಯುತ್ತಿದ್ದ, ಆಮೇಲೆ ಬೆಳ್ಳಿ ತಂತಿಯನ್ನು
ಮೆಲ್ಲಗೆ ಬಡಿದು ಕೂರಿಸುತ್ತಿದ್ದ.
ಇಲ್ಲಿ ಕೊರೆದದ್ದಾಗಿದೆ. ತಂತಿ ಎಲ್ಲಿಂದ ತರುವುದು?

ಅವಳ ಕುತ್ತಿಗೆಯಿಂದಲೇ.

ಎಂಟು ನಳಿಗೆ ರಕ್ತ ತೆಗೆದೆವು.
ತಿರುಗಿ ನಿಂತಾಗ ಕೆಳಗೆ ಕೆಂಪು ಕೂತಿತ್ತು,
ಮೇಲೆ ತೊಗರಿ ಕಟ್ಟಿನ ಬಣ್ಣದ ತಿಳಿ,
ನಡುವೆ ಕೆನೆಗಿಂತ ತೆಳುವಾದ ಪದರ.
ಮತ್ತೊಮ್ಮೆ ತಿರುಗಿಸಿದೆ. ಕೊನೆಗೆ ಉಳಿದದ್ದು
ಒಂದು ಚಮಚ ಎನ್ನಬಹುದು.

"ಈ ಔಷಧಿ ಎಲ್ಲಿಂದ ಬಂತ್ರಿ? ಹೈದ್ರಾಬಾದೇನು?"
"ಇಲ್ಲಪ್ಪ, ಇದು ಅವಳದೇ."
"ಅವಳದಾದ್ರ ನಂಗ ಬಿಲ್ ಯಾಕ್ರಿ?"
ಡಾಕ್ಟರಮ್ಮ ನಕ್ಕರು. ಬಿಲ್ಲು ಮಾತ್ರ ಕಮ್ಮಿ ಆಗಲಿಲ್ಲ.

ಸೂಜಿ ಪರದೆಯ ಮೇಲೆ ಬಿಳಿ ಗೆರೆಯಾಗಿ ಬಂದು
ಕುಳಿಯ ಅಂಚು ಮುಟ್ಟಿ, ಒಳಗಿಳಿದು, ನಿಂತಿತು.
ಮಂಪರಿನಲ್ಲಿ ನೂರಿ ತಲೆ ತಗ್ಗಿಸಿ
ಲಾಡ್ಲೆಸಾಬನ ಹೆಗಲಿಗೆ ಬಾಯಿ ಆನಿಸಿದ್ದಳು.
ಅಂಗಿಯ ತುಂಬ ಜೊಲ್ಲು. ಅವನು ಒರೆಸಲಿಲ್ಲ.

ಆಮೇಲಿನದು ಔಷಧಿಯಲ್ಲ, ನಡಿಗೆ.
ಮೊದಲ ಎರಡು ವಾರ ಅದೂ ಇಲ್ಲ.
ನಂತರ ಐದು ನಿಮಿಷ. ಸಪಾಟು ನೆಲ. ಹಗ್ಗ ಕೈಯಲ್ಲಿ.
ಮುಂದಿನ ವಾರ ಏಳು.
"ಓಡಿಸಬೇಡ, ಗಕ್ಕನೆ ತಿರುಗಿಸಬೇಡ,
ಕುಣಿಯುವ ಮಾತೇ ಇಲ್ಲ."

ಮೊಬೈಲಿಗೆ ಗಂಟೆ ಇಟ್ಟುಕೊಂಡು
ಕೋಟೆಯ ಕಂದಕದ ಪಕ್ಕ ನಡೆಸುತ್ತಾನೆ.
ಮೆರವಣಿಗೆಗಳ ಮುಂದೆ ನಡೆದೂ ನಡೆದೂ
ಅವನ ಎಡ ಮೊಣಕಾಲೂ ಸವೆದಿದೆ.
"ನಂದೂ ಹಂಗ ತಿರುಗಿಸಿ ಕೊಡ್ರಲ್ಲ."
"ಇದು ದನದ ದವಾಖಾನಿ, ಲಾಡ್ಲೆಸಾಬ."
"ನಾ ಏನ್ ಮನುಷ್ಯನಂಗ ದುಡಿದೀನೇನ್ರಿ?"

ವೈಶಾಖದ ಒಂದು ಸಂಜೆ ಕಂದಕದಾಚೆ ಬರಾತು ಹಾಯಿತು.
ನನ್ನ ಮನೆಯ ದಾರಿ ಅದೇ, ಸೈಕಲ್ಲು ಇಳಿದು ನೋಡಿದೆ.
ಡೋಲು, ಟ್ರಂಪೆಟ್ಟು, ತಲೆಯ ಮೇಲೆ ದೀಪ ಹೊತ್ತ ಹುಡುಗಿಯರು,
ಬೇರೆ ಯಾರದೋ ಕುದುರೆ.
ನೂರಿಯ ಕಿವಿ ನೆಟ್ಟಗಾದವು. ಮುಂಗಾಲು
ನೆಲ ಬಿಟ್ಟು ಒಂದು ಗೇಣು ಎದ್ದಿತು.

ಅವನು ಹಗ್ಗ ಎಳೆಯಲಿಲ್ಲ, ಬಯ್ಯಲಿಲ್ಲ.
ಬಳಸಿ ಆ ಮಗ್ಗುಲಿಗೆ ಬಂದು
ಅವಳ ಭುಜಕ್ಕೆ ತನ್ನ ಭುಜ ಕೊಟ್ಟು ನಿಂತ.
ತಾಳ ದೂರ ಆಗುವ ತನಕ ಇಬ್ಬರೂ ಅಲ್ಲಾಡಲಿಲ್ಲ.
ಮೊಬೈಲು ಕೂಗಿತು: ಇಪ್ಪತ್ತು ನಿಮಿಷ.

ಶ್ರಾವಣದಲ್ಲಿ ಮತ್ತೆ ಪರದೆ.
ಕುಳಿ ಬೂದು ಬಣ್ಣಕ್ಕೆ ತಿರುಗಿದೆ. ಎಳೆಗಳು ಬಂದಿವೆ,
ಮೊದಲಿನಷ್ಟು ಸೀದಾ ಅಲ್ಲ. ಅಪ್ಪ ನೋಡಿದ್ದರೆ
ಕಲಿಯುವ ಹುಡುಗನ ಕೈ ಅನ್ನುತ್ತಿದ್ದ.

"ಕುಣೀತಾಳೇನ್ರಿ?"
"ನಡೀತಾಳ."

ಅವನು ತುಸು ಹೊತ್ತು ಕಾಲಿನ ಪಟ್ಟಿ ಸುತ್ತಿದ,
ಬಿಚ್ಚಿದ, ಮತ್ತೆ ಸುತ್ತಿದ.
"ಹಂಗಾದ್ರ ಭಾಲ್ಕಿಯವರ ಮುಂಗಡ ತಿರುಗಿ ಕೊಡ್ತೀನಿ.
ಅವರಿಗೆ ಕುಣಿಯೋದೇ ಬೇಕಾಗ್ಯದ."
ಬಾಗಿಲ ತನಕ ಹೋಗಿ ನನ್ನ ಕಡೆ ತಿರುಗಿದ:
"ಸುಮ್ಮ ನಡಿಯೋ ಮದುವಿ ಎಲ್ಲ್ಯಾರ ಇದ್ರ ಹೇಳ್ರಿ,
ಇಬ್ಬರೂ ಬರ್ತೀವಿ."